ಹದಿನಾಲ್ಕು ಮಂದಿಗೆ ಒಂದು ಬಿಡಾರ

ಬೇಸಿಗೆಯ ರಜ ಬಂತೆಂದರೆ ಹಿಂದೆ ಬಿಡಾರದ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಜ್ಜಿಯ ಮನೆ ಎಂಬುದೊಂದಿತ್ತು. ಶಾಲೆಗೆ ಬೀಗ ಬಿದ್ದ ಮರುದಿನ ಮಕ್ಕಳನ್ನೂ ಟ್ರಂಕುಗಳನ್ನೂ ಬಸ್ಸಿಗೆ ಹತ್ತಿಸಿದರೆ ಅಲ್ಲಿಗೆ ತಂದೆತಾಯಿಗಳ ಜವಾಬ್ದಾರಿ ಮುಗಿಯುತ್ತಿತ್ತು. ನಾಲ್ಕು ಮಂದಿ ಬಂದರೂ ಸರಿ, ನಲವತ್ತು ಮಂದಿ ಬಂದರೂ ಸರಿ, ಆ ಮನೆ ಹಿಗ್ಗುತ್ತಿತ್ತು. ರಾತ್ರಿ ಹಜಾರದ ಉದ್ದಕ್ಕೂ ಜಮಖಾನ ಬಿಚ್ಚಿ ಹಾಸಿದರೆ, ಈ ಗೋಡೆಯಿಂದ ಆ ಗೋಡೆಯವರೆಗೆ ಮೊಮ್ಮಕ್ಕಳು ಬೆಂಡೆಕಾಯಿ ಜೋಡಿಸಿದಂತೆ ಮಲಗುತ್ತಿದ್ದರು. ಯಾರ ಕೊಠಡಿ ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ. ಕೊಠಡಿ ಎಂಬುದು ಅಕ್ಕಿಮೂಟೆಗೆ, ಉಪ್ಪಿನಕಾಯಿ ಜಾಡಿಗೆ ಮತ್ತು ಬಾಣಂತಿಗೆ ಮಾತ್ರ ಸಲ್ಲುವ ಸ್ಥಳವಾಗಿತ್ತು.

ಆ ಮನೆಗಳು ಈಗ ಬಹುಮಟ್ಟಿಗೆ ಇಲ್ಲ. ಕೆಲವು ಪಾಲಾದುವು, ಕೆಲವು ಮಾರಿಹೋದುವು, ಇನ್ನು ಕೆಲವು ಹೆಂಚು ಜಾರಿ ಬಾವಲಿಗಳ ವಶವಾದುವು. ಅಜ್ಜ ಅಜ್ಜಿ ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಎರಡು ಕೋಣೆಯ ಮನೆಯಲ್ಲಿದ್ದಾರೆ. ಒಬ್ಬ ಮಗ ಬೆಂಗಳೂರಿನಲ್ಲಿ, ಮತ್ತೊಬ್ಬ ಪುಣೆಯಲ್ಲಿ, ಮಗಳು ಸಮುದ್ರದಾಚೆ. ಇವರೆಲ್ಲರೂ ವರ್ಷಕ್ಕೊಮ್ಮೆ ಒಂದೆಡೆ ಸೇರಬೇಕೆಂದರೆ, ಅಷ್ಟು ಜನರನ್ನು ಹಿಡಿಸುವ ಮನೆ ಅವರಲ್ಲಿ ಯಾರಿಗೂ ಇಲ್ಲ. ಆದ್ದರಿಂದಲೇ ಈಗ ಊರೂರಿನಲ್ಲೂ ಈ ಮಾತು ಕೇಳಿಬರುತ್ತಿದೆ: ‘ಎಲ್ಲಾದರೂ ಒಂದು ದೊಡ್ಡ ಬಿಡಾರ ಹಿಡಿದು, ಹತ್ತು ಹದಿನೈದು ದಿನ ಎಲ್ಲರೂ ಒಟ್ಟಿಗಿದ್ದು ಬರೋಣ.’

ಹೇಳುವುದಕ್ಕೆ ಸುಲಭವಾದ ಮಾತು. ಆದರೆ ಹುಡುಕಲು ಹೊರಟವರಿಗೆ ಗೊತ್ತು, ಇದು ಹೆಣ್ಣು ಹುಡುಕುವುದಕ್ಕಿಂತ ಕಷ್ಟ. ಇಬ್ಬರಿಗೆ ಎಲ್ಲೆಲ್ಲಿಯೂ ಸ್ಥಳವಿದೆ, ನಾಲ್ವರಿಗೂ ಇದೆ. ಹದಿನಾಲ್ಕು ಮಂದಿ ಎಂದಕೂಡಲೆ ಫೋನಿನ ಆಚೆ ಬದಿಯ ದನಿ ಸ್ವಲ್ಪ ತಗ್ಗುತ್ತದೆ. ಕಡೆಗೆ ಅವರು ಹೇಳುವುದು ಒಂದೇ ಉತ್ತರ: ‘ಆರು ಕೊಠಡಿ ಕೊಡುತ್ತೇವೆ.’

ಈ ಆರು ಕೊಠಡಿ ಎಂಬ ಉತ್ತರವನ್ನು ಸ್ವಲ್ಪ ವಿಚಾರಮಾಡಿ ನೋಡೋಣ. ಆರು ಕೊಠಡಿಗಳೆಂದರೆ ಆರು ಬಾಗಿಲು, ಆರು ಬೀಗ, ಆರು ಟೆಲಿವಿಷನ್. ಎರಡು ಕೆಳಗಿನ ಅಂತಸ್ತಿನಲ್ಲಿ, ಮೂರು ಮಹಡಿಯಲ್ಲಿ, ಒಂದು ಹಿತ್ತಲ ಕಡೆ. ಬೆಳಗ್ಗೆ ಎಲ್ಲರೂ ಸೇರುವುದು ಊಟದ ಹಾಲಿನಲ್ಲಿ. ಅಲ್ಲಿಯೂ ನಾಲ್ಕು ನಾಲ್ಕು ಕುರ್ಚಿಯ ಮೇಜುಗಳು. ಹತ್ತು ಗಂಟೆಗೆ ತಿಂಡಿಯ ವೇಳೆ ಮುಗಿಯಿತೆಂದು ಮಾಣಿ ಬಂದು ನಿಲ್ಲುತ್ತಾನೆ. ಆಮೇಲೆ ಎಲ್ಲರೂ ಕೂಡಿ ಕುಳಿತುಕೊಳ್ಳುವುದೆಲ್ಲಿ? ಹಿರಿಯ ಮಗನ ಕೊಠಡಿಯ ಮಂಚದ ಮೇಲೆ, ಕಾಲು ಮಡಚಿಕೊಂಡು, ಏಳೆಂಟು ಮಂದಿ. ಉಳಿದವರು ಬಾಗಿಲಲ್ಲಿ ನಿಂತಿರುತ್ತಾರೆ. ಎರಡು ದಿನ ಹೀಗೆ ನಡೆಯುತ್ತದೆ. ಮೂರನೆಯ ದಿನದಿಂದ ಪ್ರತಿಯೊಂದು ಸಂಸಾರವೂ ತನ್ನ ತನ್ನ ಕೊಠಡಿಯಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ. ಬೆಂಗಳೂರಿನವರು ಬೆಂಗಳೂರಿನಲ್ಲಿಯೇ, ಪುಣೆಯವರು ಪುಣೆಯಲ್ಲಿಯೇ ಇದ್ದಂತಾಯಿತು. ಇಷ್ಟು ಖರ್ಚು ಮಾಡಿ ಗೋಡೆಗಳನ್ನು ಮಾತ್ರ ಬದಲಾಯಿಸಿದ್ದಾಯಿತು.

ಆದ್ದರಿಂದ ನಾನು ಮೊದಲು ಹೇಳಬೇಕಾದ ಮಾತು ಇದು: ದೊಡ್ಡ ಸಂಸಾರದ ದೀರ್ಘ ರಜೆಗೆ ಬಿಡಾರವನ್ನು ನೋಡುವಾಗ ಕೊಠಡಿಗಳನ್ನು ಎಣಿಸುವುದಕ್ಕೆ ಮೊದಲು, ಎಲ್ಲರೂ ಒಂದೇ ಸಲ ಕೂಡಬಹುದಾದ ಒಂದು ಜಾಗ ಅಲ್ಲಿದೆಯೇ ಎಂದು ನೋಡಿ. ಅದು ಹಜಾರವಾಗಲಿ, ಜಗಲಿಯಾಗಲಿ, ತಗಡಿನ ಮಾಡು ಹಾಕಿದ ಅಂಗಳವಾಗಲಿ, ಚಿಂತೆಯಿಲ್ಲ. ಮಳೆ ಬಂದರೂ ಹದಿನಾಲ್ಕು ಮಂದಿ ಸುತ್ತ ಕುಳಿತು ಹಲಸಿನಹಣ್ಣು ಬಿಡಿಸಲು ಸ್ಥಳವಿದ್ದರೆ, ಕೊಠಡಿ ಒಂದು ಕಡಿಮೆಯಾದರೂ ಆ ಬಿಡಾರ ಸಾಕು. ಆ ಜಾಗವಿಲ್ಲದಿದ್ದರೆ ಹತ್ತು ಕೊಠಡಿಗಳಿದ್ದರೂ ಸಾಲದು.

ನಮ್ಮ ಹಿರಿಯರು ಮನೆ ಕಟ್ಟುವಾಗ ಇದನ್ನು ತಿಳಿದಿದ್ದರು. ಮಲೆನಾಡಿನ ತೊಟ್ಟಿಮನೆಯಲ್ಲಿ ನಡುವೆ ತೆರೆದ ಅಂಗಳ, ಅದರ ಸುತ್ತ ಜಗಲಿ, ಆಮೇಲೆ ಕೋಣೆಗಳು. ಕೊಡಗಿನ ಐನ್‌ಮನೆ ಒಂದು ಸಂಸಾರದ ಮನೆಯಲ್ಲ, ಒಂದು ಇಡೀ ಒಕ್ಕದ ಮನೆ. ಅದರ ಮುಂಭಾಗದಲ್ಲಿ ಕೈಯಾಲೆ ಎಂಬ ಎತ್ತರದ ಜಗಲಿ. ಅಲ್ಲಿ ಕಂಬದಿಂದ ಕಂಬಕ್ಕೆ ಐಮರವೆಂಬ ಅಗಲವಾದ ಮರದ ಹಲಗೆ. ಹಿರಿಯರು ಅದರ ಮೇಲೆ ಕುಳಿತು ಊರ ವ್ಯವಹಾರವನ್ನೆಲ್ಲ ತೀರಿಸುತ್ತಿದ್ದರು. ಬಂದವರು, ಹೋಗುವವರು, ಆಡುವವರು, ಜಗಳವಾಡುವವರು ಎಲ್ಲರೂ ಒಬ್ಬರ ಕಣ್ಣಿಗೊಬ್ಬರು ಬೀಳುವಂತಹ ರಚನೆ ಅದು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಈಗ ಇಂತಹ ಹಳೆಯ ಮನೆಗಳನ್ನೂ ಕಾಫಿ ತೋಟದ ಬಂಗಲೆಗಳನ್ನೂ ಪ್ರವಾಸಿಗಳಿಗೆ ಬಿಟ್ಟುಕೊಡುವ ಪದ್ಧತಿ ಬೆಳೆದಿದೆ. ಹೋಂಸ್ಟೇ ಎಂದು ಅದಕ್ಕೆ ಹೆಸರು. ದೊಡ್ಡ ಸಂಸಾರಕ್ಕೆ ಹೋಟೆಲಿಗಿಂತ ಇವು ಒಗ್ಗುತ್ತವೆ.

ಒಂದು ತೊಡಕನ್ನು ಮಾತ್ರ ಮೊದಲೇ ತಿಳಿದಿರಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಇಂತಹ ಮನೆಗೆ ಹೆಚ್ಚೆಂದರೆ 6 ಕೊಠಡಿ, 12 ಹಾಸಿಗೆ ಎಂಬ ಮಿತಿಯಿದೆ. ನೀವು ಹದಿನಾಲ್ಕು ಮಂದಿ. ‘ಇನ್ನೆರಡು ಹಾಸಿಗೆ ನೆಲದ ಮೇಲೆ ಹಾಕಿಕೊಡುವಿರಾ?’ ಎಂದು ಮುಂಚಿತವಾಗಿ ಕೇಳಿ ಬರಹದಲ್ಲಿ ಒಪ್ಪಿಸಿಕೊಳ್ಳಿ. ಹೋದ ಮೇಲೆ ಕೇಳಿದರೆ ಆ ಎರಡು ಹಾಸಿಗೆ ಬರುವುದು ಅಡಿಗೆಮನೆಯ ಓಣಿಗೆ. ಅಲ್ಲಿ ಮಲಗುವ ಪಾಳಿ ಬರುವುದು ಯಾವಾಗಲೂ ಮದುವೆಯಾಗದ ಚಿಕ್ಕಪ್ಪನಿಗೆ, ಇಲ್ಲವೆ ಒಂಟಿಯಾಗಿರುವ ಅತ್ತೆಗೆ. ಅವರು ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ. ಆದರೆ ಮುಂದಿನ ವರ್ಷ ಅವರಿಗೆ ಏನಾದರೊಂದು ಕೆಲಸ ಅಡ್ಡ ಬರುತ್ತದೆ.

ಇನ್ನು ಯಾವ ಊರು, ಯಾವ ಕಾಲ ಎಂಬ ಪ್ರಶ್ನೆ. ನಮ್ಮ ದೊಡ್ಡ ರಜ ಏಪ್ರಿಲ್ ಮೇ ತಿಂಗಳುಗಳಲ್ಲಿ. ಆಗ ಕರಾವಳಿ ಕಣ್ಣಿಗೆ ಚೆಂದ, ಮೈಗೆ ಬೆವರು. ಕವಿ ರವೀಂದ್ರನಾಥ ಠಾಕೂರರು ತಮ್ಮ ತಾರುಣ್ಯದಲ್ಲಿ, 1880ರ ದಶಕದ ಆರಂಭದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಂಗಲೆಯಲ್ಲಿ ಮನೆಮಂದಿಯೊಡನೆ ಉಳಿದಿದ್ದರು. ಒಂದು ನಾಟಕವನ್ನೂ ಅಲ್ಲಿ ಬರೆದರು. ಅಲ್ಲಿನ ಕಡಲತೀರಕ್ಕೆ ಇಂದಿಗೂ ಅವರ ಹೆಸರಿದೆ. ಕಡಲಿನ ಆಸೆಯಿದ್ದವರು ಡಿಸೆಂಬರ್ ಜನವರಿಯಲ್ಲಿ ಹೋಗುವುದು ಮೇಲು. ಮೇ ತಿಂಗಳಲ್ಲಿ ಹೋಗಲೇಬೇಕಾದರೆ, ಹವಾನಿಯಂತ್ರಿತ ಕೊಠಡಿ ಒಂದಾದರೂ ಇದೆಯೇ ಎಂದು ವಯಸ್ಸಾದವರಿಗಾಗಿ ವಿಚಾರಿಸಿ.

ಬೇಸಿಗೆಗೆ ಮಲೆನಾಡು, ಕೊಡಗುಗಳೇ ಹಿತ. ಕಾಫಿಯ ಹೂಮಳೆ ಮಾರ್ಚ್ ಏಪ್ರಿಲ್‌ನಲ್ಲಿ ಬಿದ್ದು ನೆಲ ತಂಪಾಗಿರುತ್ತದೆ. ಮೇ ಕೊನೆಯ ವೇಳೆಗೆ ಗುಡುಗು ಸಿಡಿಲಿನ ಸಂಜೆಮಳೆ ಹೆಚ್ಚುತ್ತದೆ. ದೀಪ ಹೋದರೆ ಬರುವುದು ಮರುದಿನ. ಜೂನ್ ಹಿಡಿದರೆ ಘಟ್ಟದಲ್ಲಿ ಮುಂಗಾರು, ಜೊತೆಗೆ ಜಿಗಣೆ. ಆಗುಂಬೆಯಂತಹ ಕಡೆ ಮಳೆಯನ್ನೇ ನೋಡಲು ಹೋಗುವವರಿದ್ದಾರೆ, ಆದರೆ ಎಂಬತ್ತು ದಾಟಿದ ತಂದೆಯನ್ನೂ ಎಂಟು ತಿಂಗಳ ಕೂಸನ್ನೂ ಕಟ್ಟಿಕೊಂಡು ಹೋಗುವ ಕಾಲ ಅದಲ್ಲ. ಅಕ್ಟೋಬರಿನ ರಜದಲ್ಲಿ ಹೋಗುವವರು, ಮೈಸೂರಿನಂತೆ ಮಡಿಕೇರಿಯಲ್ಲೂ ದಸರೆಯ ಜನಜಾತ್ರೆ ಇರುತ್ತದೆಂಬುದನ್ನು ನೆನಪಿನಲ್ಲಿಟ್ಟು ಎರಡು ಮೂರು ತಿಂಗಳು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ನಂದಿಬೆಟ್ಟ, ಕೆಮ್ಮಣ್ಣುಗುಂಡಿಗಳಲ್ಲಿ ತೋಟಗಾರಿಕೆ ಇಲಾಖೆಯ ಅತಿಥಿಗೃಹಗಳಿವೆ. ನಂದಿ 4,800 ಅಡಿಗಿಂತ ಎತ್ತರ. 1927ರಲ್ಲಿ ಆರೋಗ್ಯ ಕೆಟ್ಟಿದ್ದ ಗಾಂಧೀಜಿಯವರು ಅಲ್ಲಿ ಸುಮಾರು ಒಂದೂವರೆ ತಿಂಗಳು ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೊಮ್ಮೆ ಬಂದರು. ಒಂದೆಡೆ ನೆಲೆಯಾಗಿ ನಿಲ್ಲುವುದರಿಂದ ದೇಹಕ್ಕೂ ಮನಸ್ಸಿಗೂ ಆಗುವ ಲಾಭಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಅಲ್ಲಿ ಕೊಠಡಿಗಳು ಕಡಿಮೆ, ಭಾನುವಾರ ಜನವೋ ಜನ. ಊಟಿಗೆ ಹೋಗುವವರು ಎರಡು ವಿಷಯ ತಿಳಿದಿರಲಿ. ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೂ ಕೊಡೈಕನಾಲಿಗೂ ಹೋಗುವ ವಾಹನಗಳಿಗೆ ಇ-ಪಾಸ್ ಎಂಬ ರಹದಾರಿಯ ಏರ್ಪಾಡು ಬಂತು. ಹೊರಡುವ ಮೊದಲು ಆಗಿನ ನಿಯಮವನ್ನು ನೋಡಿಕೊಳ್ಳಬೇಕು. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ದಾರಿಯಿಲ್ಲ. ಮೂರು ಕಾರುಗಳಲ್ಲಿ ಒಂದು ಹಿಂದೆ ಬಿದ್ದರೆ ಅರ್ಧ ಸಂಸಾರ ಗೇಟಿನ ಈಚೆ, ಅರ್ಧ ಸಂಸಾರ ಆಚೆ.

ಸ್ಥಳ ಗೊತ್ತಾದ ಮೇಲೆ ಮನೆಯ ಯಜಮಾನನನ್ನು ಕೇಳಬೇಕಾದ ಪ್ರಶ್ನೆಗಳಿವೆ. ನಮ್ಮವರು ಸಾಮಾನ್ಯವಾಗಿ ಕೇಳುವುದು ಕಿಟಕಿಯಿಂದ ಬೆಟ್ಟ ಕಾಣುತ್ತದೆಯೇ ಎಂದು. ಬೆಟ್ಟ ಕಂಡೇ ಕಾಣುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಕೇಳಬೇಕಾದದ್ದು ನೀರನ್ನು. ಪಟ್ಟಣದ ನೀರು ಸರಬರಾಜಿನಲ್ಲಿ ತಲೆಗೆ ದಿನಕ್ಕೆ 135 ಲೀಟರು ಎಂದು ಲೆಕ್ಕ ಇಡುತ್ತಾರೆ. ಹದಿನಾಲ್ಕು ಮಂದಿಗೆ 1,890 ಲೀಟರು ಆಯಿತು. ಆ ಮನೆಯ ಮಾಡಿನ ಮೇಲೆ ಇರುವುದು ಸಾವಿರ ಲೀಟರಿನ ಒಂದು ತೊಟ್ಟಿಯಾದರೆ, ದಿನಕ್ಕೆ ಎರಡು ಸಲ ಅದನ್ನು ತುಂಬಿಸಬೇಕು. ಬೇಸಿಗೆಯಲ್ಲಿ ಬಾವಿ ತಳ ಕಂಡಿದ್ದರೆ, ವಿದ್ಯುಚ್ಛಕ್ತಿ ಹೋಗಿದ್ದರೆ, ತುಂಬಿಸುವುದು ಹೇಗೆ ಎಂಬುದನ್ನು ಕೇಳಿ ತಿಳಿಯಿರಿ.

ಬಿಸಿನೀರಿನ ಲೆಕ್ಕ ಇನ್ನೂ ಸ್ವಾರಸ್ಯ. 25 ಲೀಟರಿನ, 2 ಕಿಲೋವಾಟಿನ ಒಂದು ಗೀಸರು ತಣ್ಣೀರನ್ನು ಚೆನ್ನಾಗಿ ಕಾಯಿಸಲು ಸುಮಾರು 35 ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ನೀರಿಗೆ ತಣ್ಣೀರು ಬೆರೆಸಿದರೆ ಇಬ್ಬರ ಸ್ನಾನವಾಗಬಹುದು. ಹದಿನಾಲ್ಕು ಮಂದಿಗೆ ಏಳು ಸಲ ಕಾಯಬೇಕು, ಎಂದರೆ ನಾಲ್ಕು ಗಂಟೆಗೂ ಮೇಲೆ. ಒಂದೇ ಗೀಸರಿದ್ದರೆ ಬೆಳಗ್ಗೆ ಆರಕ್ಕೆ ಆರಂಭವಾದ ಸ್ನಾನ ಹತ್ತು ದಾಟಿದರೂ ಮುಗಿಯದು, ಕೊನೆಯವರಿಗೆ ಊಟದ ಹೊತ್ತು. ಹಳೆಯ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ದೊಡ್ಡ ತಾಮ್ರದ ಹಂಡೆ ಹುಗಿದಿರುತ್ತದೆ. ತೋಟದ ಸೌದೆ ಇಟ್ಟರೆ ಮನೆಮಂದಿಗೆಲ್ಲ ಸಾಕೆನ್ನುವಷ್ಟು ನೀರು. ಹಂಡೆಯಿರುವ ಮನೆ ಸಿಕ್ಕಿದರೆ ಬಿಡಬೇಡಿ. ಅದಿಲ್ಲದಿದ್ದರೆ ಕನಿಷ್ಠ ನಾಲ್ಕು ಸ್ನಾನದ ಮನೆ, ನಾಲ್ಕು ಗೀಸರು ಇರಲಿ. ನಾಲ್ಕನ್ನೂ ಒಟ್ಟಿಗೆ ಹಾಕಿದರೆ ಅಲ್ಲಿನ ವಿದ್ಯುತ್ ತಂತಿ ತಾಳುತ್ತದೆಯೇ ಎಂಬುದನ್ನೂ ಕೇಳಿ.

ಮೂರನೆಯ ಪ್ರಶ್ನೆ ಮೆಟ್ಟಿಲಿನದು. ಸಂಸಾರದಲ್ಲಿ ಎಲ್ಲರಿಗಿಂತ ಬಲಹೀನರು ಯಾರೋ ಅವರಿಂದ ಮನೆ ನೋಡಲು ಆರಂಭಿಸಬೇಕು. ಅಜ್ಜಿಯ ಮಂಡಿ ನೋಯುತ್ತದೆಯೆ? ಹಾಗಾದರೆ ಕೆಳಗಿನ ಅಂತಸ್ತಿನಲ್ಲಿ ಒಂದು ಮಲಗುವ ಕೋಣೆ, ಅದಕ್ಕೆ ಹೊಂದಿಕೊಂಡು ಕುರ್ಚಿಯಂತೆ ಕುಳಿತುಕೊಳ್ಳುವ ಶೌಚದ ಅನುಕೂಲ, ರಾತ್ರಿ ಎದ್ದಾಗ ಕೈಗೆ ಸಿಗುವಂತೆ ದೀಪದ ಗುಂಡಿ, ಇಷ್ಟೂ ಇರಬೇಕು. ಮನೆ ಬೆಟ್ಟದ ಓರೆಯಲ್ಲಿದ್ದರೆ ಕಾರು ನಿಲ್ಲುವ ಸ್ಥಳದಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು ಎಂದು ಎಣಿಸಿ ಹೇಳಲು ಯಜಮಾನನನ್ನು ಕೇಳಿ. ‘ಸ್ವಲ್ಪವೇ’ ಎಂದರೆ ನಂಬಬೇಡಿ, ಅಂಕೆ ಕೇಳಿ. ಹತ್ತಿರದ ಆಸ್ಪತ್ರೆ ಎಷ್ಟು ದೂರ, ರಾತ್ರಿ ಹೊತ್ತು ವೈದ್ಯರಿರುತ್ತಾರೆಯೇ, ತೋಟದೊಳಗೆ ಫೋನು ಕೇಳಿಸುತ್ತದೆಯೇ ಎಂಬುದನ್ನೂ ತಿಳಿದುಕೊಂಡಿರಬೇಕು. ಹುಡುಗರು ಎಲ್ಲಿ ಹಾಕಿದರೂ ಮಲಗುತ್ತಾರೆ. ಮುದುಕರು ನಿದ್ದೆಗೆಟ್ಟರೆ ಮನೆಯೆಲ್ಲ ನಿದ್ದೆಗೆಡುತ್ತದೆ.

ನಾಲ್ಕನೆಯದು ಅಡಿಗೆ. ಇದನ್ನು ಕೊನೆಗೆ ಇಟ್ಟಿದ್ದೇನೆಂದು ಗೃಹಿಣಿಯರು ಸಿಟ್ಟಾಗಬಾರದು. ಹೆಚ್ಚು ಹೇಳಬೇಕಾಗಿರುವುದರಿಂದ ಉಳಿಸಿಕೊಂಡೆ. ಅಡಿಗೆಮನೆ ಸಮೇತ ಬಂಗಲೆ ಸಿಕ್ಕಿದೆ ಎಂದು ಗಂಡಸರು ಹಿಗ್ಗುತ್ತಾರೆ. ಹೋಟೆಲಿನ ಖರ್ಚು ಉಳಿಯಿತಲ್ಲ! ಆದರೆ ಹದಿನಾಲ್ಕು ಮಂದಿಗೆ ಎರಡು ಹೊತ್ತಿನ ಊಟ, ತಿಂಡಿ, ನಾಲ್ಕು ಸಲ ಕಾಫಿ, ಹೀಗೆ ಹದಿನೈದು ದಿನ ಬೇಯಿಸುವವರು ಯಾರು? ಊರಿನಲ್ಲಿ ನಾಲ್ವರಿಗೆ ಬೇಯಿಸುತ್ತಿದ್ದಾಕೆ ಇಲ್ಲಿ ಹದಿನಾಲ್ವರಿಗೆ ಬೇಯಿಸುತ್ತಾಳೆ. ಮಿಕ್ಕವರೆಲ್ಲ ಜಲಪಾತ ನೋಡಿ ಬಂದು, ‘ನೀನೂ ಬರಬೇಕಾಗಿತ್ತು, ಎಷ್ಟು ಚೆನ್ನಾಗಿತ್ತು!’ ಎನ್ನುತ್ತಾರೆ. ಇದು ಅವಳ ಪಾಲಿಗೆ ರಜವಲ್ಲ, ವರ್ಗಾವಣೆ.

ಹಾಗೆಂದು ಅಡಿಗೆಮನೆಯೇ ಬೇಡವೆಂದಲ್ಲ. ಕೂಸಿನ ಗಂಜಿಗೆ, ಸಕ್ಕರೆ ಕಾಯಿಲೆಯವರ ಪಥ್ಯಕ್ಕೆ, ನಡುರಾತ್ರಿಯ ಕಷಾಯಕ್ಕೆ ಒಲೆ ಬೇಕೇ ಬೇಕು. ಬಾಡಿಗೆಯ ಮಾತಾಡುವಾಗಲೇ ಅಡಿಗೆಯವರನ್ನೂ ಪಾತ್ರೆ ತೊಳೆಯುವವರನ್ನೂ ಗೊತ್ತುಮಾಡಿಕೊಂಡು, ಅವರ ಸಂಬಳವನ್ನು ಬಾಡಿಗೆಯ ಭಾಗವೆಂದೇ ಎಣಿಸಬೇಕು. ಆ ಹಣಕ್ಕೆ ಜೇಬಿನಲ್ಲಿ ಸ್ಥಳವಿಲ್ಲದಿದ್ದರೆ ಹದಿನೈದು ದಿನದ ರಜವನ್ನು ಹನ್ನೆರಡಕ್ಕೆ ಇಳಿಸಿರಿ. ಮನೆಯ ಹೆಂಗಸರು ಅಂಗಳಕ್ಕೆ ಬಂದು ಕುಳಿತುಕೊಳ್ಳುವ ಹನ್ನೆರಡು ದಿನ, ಅವರು ಒಲೆಯ ಮುಂದೆ ನಿಂತಿರುವ ಹದಿನೈದು ದಿನಕ್ಕಿಂತ ದೊಡ್ಡದು. ಕಡೆಗೆ ಎಲ್ಲರೂ ನೆನಪಿಟ್ಟುಕೊಳ್ಳುವ ಅಜ್ಜಿಯ ಒಂದು ಹುಳಿಯನ್ನು ಅಜ್ಜಿ ತಾನಾಗಿಯೇ ಮನಸ್ಸು ಬಂದ ದಿನ ಮಾಡಿ ಬಡಿಸುತ್ತಾಳೆ.

ಹಣದ ವಿಷಯದಲ್ಲಿ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರದಂತೆ, ದಿನಕ್ಕೆ 7,500 ರೂಪಾಯಿವರೆಗಿನ ತಂಗುದಾಣಕ್ಕೆ ಸರಕು ಮತ್ತು ಸೇವಾ ತೆರಿಗೆ ನೂರಕ್ಕೆ 5. ಅದಕ್ಕೆ ಮೇಲ್ಪಟ್ಟರೆ ನೂರಕ್ಕೆ 18. ದಿನಕ್ಕೆ 3,500ರಂತೆ ಆರು ಕೊಠಡಿ ಹಿಡಿದರೆ ಬಾಡಿಗೆ 21,000, ತೆರಿಗೆ 1,050. ಅದೇ 21,000ಕ್ಕೆ ಇಡೀ ಬಂಗಲೆಯನ್ನು ಒಂದೇ ಘಟಕವೆಂದು ಲೆಕ್ಕ ಹಾಕಿದರೆ ತೆರಿಗೆ 3,780. ಹದಿನೈದು ದಿನಕ್ಕೆ ವ್ಯತ್ಯಾಸ ನಲವತ್ತು ಸಾವಿರ ದಾಟುತ್ತದೆ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟಿರುವ ಸಣ್ಣ ಮನೆಯವರಿಗೆ ಸಾಮಾನ್ಯವಾಗಿ ಈ ತೆರಿಗೆಯ ನೋಂದಣಿ ಅಗತ್ಯವಿಲ್ಲ. ಆದ್ದರಿಂದ ‘ತೆರಿಗೆ ಸೇರಿ ಎಷ್ಟು?’ ಎಂದು ಕೇಳಿ, ಬರಹದಲ್ಲಿ ಪಡೆದು, ಆಮೇಲೆ ಮುಂಗಡ ಕೊಡಿ. ಪ್ರವಾಸೋದ್ಯಮ ಇಲಾಖೆಯಲ್ಲಿ ಮನೆ ನೋಂದಾಯಿತವಾಗಿದೆಯೇ ಎಂದು ವಿಚಾರಿಸಿ. ಚಿತ್ರಗಳನ್ನು ನಂಬಿ ಹಣ ಕಳುಹಿಸುವ ಬದಲು, ಹತ್ತಿರದಲ್ಲಿರುವ ನೆಂಟರನ್ನೋ ಸ್ನೇಹಿತರನ್ನೋ ಒಮ್ಮೆ ಕಳುಹಿಸಿ ನೋಡಿಸುವುದು ಕ್ಷೇಮ. ಮೂರು ದಿನಕ್ಕೆ ಕೇಳುವ ದರವನ್ನೇ ಹದಿನೈದು ದಿನಕ್ಕೂ ಕೊಡಬೇಕಾಗಿಲ್ಲ. ವಾರಾಂತ್ಯದ ಜಂಜಾಟವಿಲ್ಲದೆ ಒಂದೇ ಸಂಸಾರ ಬಹುದಿನ ನಿಂತರೆ ಯಜಮಾನನಿಗೂ ಅನುಕೂಲ. ಸೌಮ್ಯವಾಗಿ ಕೇಳಿದರೆ ಇಳಿಸುತ್ತಾನೆ.

ಮನೆಯೊಳಗಿನ ಹಂಚಿಕೆ ಹೊರಗಿನ ಬಾಡಿಗೆಗಿಂತ ನಾಜೂಕು. ಎಲ್ಲರ ಸಂಪಾದನೆ ಒಂದೇ ಸಮನಲ್ಲ. ತಲೆಗಿಷ್ಟು ಎಂದು ಸಮನಾಗಿ ಹಾಕಿದರೆ ಮೂರು ಮಕ್ಕಳ ಶಾಲಾಮಾಸ್ತರನಿಗೆ ಭಾರ. ಒಬ್ಬನೇ ಎಲ್ಲವನ್ನೂ ತೆತ್ತರೆ ಉಳಿದವರು ಅತಿಥಿಗಳಾಗುತ್ತಾರೆ, ಅವನು ಯಜಮಾನನಾಗುತ್ತಾನೆ. ಕೆಲವು ಸಂಸಾರಗಳಲ್ಲಿ ಒಂದು ಒಳ್ಳೆಯ ಪದ್ಧತಿ ಕಂಡಿದ್ದೇನೆ. ಬಾಡಿಗೆಯನ್ನು ಅನುಕೂಲವಿದ್ದವರು ಹಿರಿಯರ ಕೈಗೆ ಕೊಟ್ಟುಬಿಡುತ್ತಾರೆ, ಹಿರಿಯರು ಅದನ್ನು ತಮ್ಮ ಕೈಯಾರೆ ಸಲ್ಲಿಸುತ್ತಾರೆ. ದಿನವಹಿ ತರಕಾರಿ, ಹಾಲು, ಹಣ್ಣನ್ನು ಪಾಳಿಯಂತೆ ಒಬ್ಬೊಬ್ಬರು ತರುತ್ತಾರೆ. ಯಾರೆಷ್ಟು ಕೊಟ್ಟರೆಂಬುದು ಮಕ್ಕಳ ಕಿವಿಗೆ ಬೀಳುವುದಿಲ್ಲ. ಮಕ್ಕಳಿಗೆ ಅದು ಅಜ್ಜ ಹಿಡಿದ ಬಿಡಾರ.

ಒಟ್ಟಿಗಿರಬೇಕೆಂದು ಇಷ್ಟು ಹೇಳಿದ ಮೇಲೆ, ಬೇರೆಯಾಗಿ ಕೂಡಲೂ ಒಂದು ಮೂಲೆ ಬೇಕೆಂಬುದನ್ನು ಮರೆಯಬಾರದು. ಹದಿನೈದು ದಿನ ಒಂದೇ ಮನೆಯಲ್ಲಿದ್ದರೆ ನಾಲ್ಕನೆಯ ದಿನಕ್ಕೋ ಐದನೆಯ ದಿನಕ್ಕೋ ಯಾರಾದರೂ ಮುನಿಸಿಕೊಳ್ಳುವುದು ನಿಶ್ಚಯ. ಮುನಿಸಿಕೊಂಡವರಿಗೆ ಹೋಗಿ ಕುಳಿತುಕೊಳ್ಳಲು ಹಿತ್ತಲ ಕಟ್ಟೆಯಾದರೂ ಇರಬೇಕು. ಇಲ್ಲದಿದ್ದರೆ ಮುನಿಸು ಜಗಳವಾಗುತ್ತದೆ. ದಿನಕ್ಕೊಂದು ಪ್ರೇಕ್ಷಣೀಯ ಸ್ಥಳ ನೋಡುವ ಹಟವೂ ಬೇಡ. ವಾರಕ್ಕೆ ಎರಡು ದಿನ ಹೊರಗೆ ಹೋಗಿ ಬನ್ನಿ. ಉಳಿದ ದಿನ ಮನೆಯಲ್ಲೇ ಇರಿ. ಊರು ಬದಲಾಯಿಸುತ್ತ ಮೂರು ಕಡೆ ಐದೈದು ದಿನ ಇರುವುದಕ್ಕಿಂತ ಒಂದೇ ಕಡೆ ಹದಿನೈದು ದಿನ ಇದ್ದರೆ, ಮೂಟೆ ಕಟ್ಟಿ ಬಿಚ್ಚುವ ಕೆಲಸವಾದರೂ ತಪ್ಪುತ್ತದೆ.

ಏಪ್ರಿಲಿಗೆ ಬಿಡಾರ ಬೇಕಾದವರು ಜನವರಿಯಲ್ಲೇ ಒಂದು ಭಾನುವಾರ ಕಾಗದ ಪೆನ್ಸಿಲು ಹಿಡಿದು ಕೂರಬೇಕು. ಮೊದಲ ಸಾಲಿನಲ್ಲಿ ಹೋಗುವವರ ಹೆಸರುಗಳನ್ನು ವಯಸ್ಸಿನ ಕ್ರಮದಲ್ಲಿ, ದೊಡ್ಡವರಿಂದ ಚಿಕ್ಕವರವರೆಗೆ ಬರೆಯಿರಿ. ಪ್ರತಿಯೊಂದು ಹೆಸರಿನ ಎದುರಿಗೆ ಅವರು ಮಲಗುವ ಸ್ಥಳ ಯಾವುದು ಎಂದು ತುಂಬಿಸುತ್ತ ಬನ್ನಿ. ಯಾವ ಹೆಸರಿನ ಎದುರಿಗೂ ಸ್ಥಳ ಖಾಲಿ ಉಳಿಯದಿದ್ದರೆ, ಆ ಮನೆಗೆ ಮುಂಗಡ ಕಳುಹಿಸಲು ಅಡ್ಡಿಯಿಲ್ಲ.